ತಣ್ಣಗಿದ್ದಾಗ 0.6 ಓಮ್, ಉರಿಯುವಾಗ 6.9 ಓಮ್

ಪರೀಕ್ಷೆಗೆ ಓದುತ್ತಾ ಕೂತಿದ್ದ ತಂಗಿಯ ಮಗ ಎದ್ದು ನನ್ನ ರಿಪೇರಿ ಮೇಜಿನ ಹತ್ತಿರ ಬಂದ. ಒಂದು ಕೈಯಲ್ಲಿ ವಾಹನದ ಇಂಡಿಕೇಟರ್ ಬಲ್ಬ್, ಇನ್ನೊಂದರಲ್ಲಿ ನನ್ನ ಹಳೇ ಮಲ್ಟಿಮೀಟರ್.

"ದೊಡ್ಡಮ್ಮ, ಈ ಬಲ್ಬ್ ಹೋಗಿದೆ. ಒಳಗೆ ಶಾರ್ಟ್ ಆಗಿದೆ."

ಬಲ್ಬಿನ ಬುಡದಲ್ಲಿ 12 ವೋಲ್ಟ್, 21 ವ್ಯಾಟ್ ಎಂದು ಅಚ್ಚಾಗಿತ್ತು. ಅವನು ಪುಸ್ತಕದಲ್ಲಿ ಹೇಳಿದ ಹಾಗೆ ಲೆಕ್ಕ ಮಾಡಿದ್ದ. 21ನ್ನು 12ರಿಂದ ಭಾಗಿಸಿದರೆ ಕರೆಂಟ್, 1.75 ಆಂಪಿಯರ್. 12ನ್ನು ಆ 1.75ರಿಂದ ಭಾಗಿಸಿದರೆ ರೋಧ (ರೆಸಿಸ್ಟೆನ್ಸ್, ಕರೆಂಟಿಗೆ ಇರುವ ಅಡ್ಡಿ), 6.86 ಓಮ್. ಮೀಟರ್ ಮಾತ್ರ 0.9 ಓಮ್ ತೋರಿಸುತ್ತಿತ್ತು. ಮೀಟರಿನ ಅಳೆಯುವ ಕಡ್ಡಿಗಳ, ಅಂದರೆ ಪ್ರೋಬ್‌ಗಳ ತುದಿಗಳನ್ನು ಒಂದಕ್ಕೊಂದು ಒತ್ತಿ ನೋಡಿ, ಅವುಗಳ ವೈರಿನದ್ದೇ 0.3 ಓಮ್ ಇದೆ ಅಂತ ಕಂಡುಕೊಂಡು ಅದನ್ನೂ ಕಳೆದಿದ್ದ. ಉಳಿದದ್ದು 0.6. ಪ್ರೋಬ್ ವೈರಿನ ರೋಧ ಕಳೆಯಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗೇ ಹೊಳೆದಿತ್ತು. ನನಗೆ ಅಲ್ಲೇ ಖುಷಿಯಾಯಿತು.

"0.6 ಓಮಿಗೆ 12 ವೋಲ್ಟ್ ಕೊಟ್ರೆ 20 ಆಂಪಿಯರ್ ಹರಿಯುತ್ತೆ. 240 ವ್ಯಾಟ್. ಅಂದ್ರೆ ಹಾಳಾಗಿದೆ ತಾನೆ?"

ಉತ್ತರ ಹೇಳಲಿಲ್ಲ. ವೋಲ್ಟೇಜ್ ಏರಿಸಿ ಇಳಿಸಬಹುದಾದ ಪವರ್ ಸಪ್ಲೈ ಆನ್ ಮಾಡಿದೆ. ಬಲ್ಬಿನ ಜೊತೆ ಸರಣಿಯಲ್ಲಿ ಒಂದು ಮೀಟರನ್ನು ಕರೆಂಟಿಗೆ ಅಂತ ಸೇರಿಸಿದೆ. ಇನ್ನೊಂದು ಮೀಟರನ್ನು ಅವನ ಕೈಗೆ ಕೊಟ್ಟು, ಅದರ ಪ್ರೋಬ್‌ಗಳನ್ನು ಬಲ್ಬಿನ ಬುಡಕ್ಕೇ ಒತ್ತಿ ಹಿಡಿಯಲು ಹೇಳಿದೆ. ಮೊದಲು 0.1 ವೋಲ್ಟ್. ಕರೆಂಟ್ 0.15 ಆಂಪಿಯರ್, ಅಂದರೆ 0.67 ಓಮ್. ಅವನ 0.6ಕ್ಕೆ ಹತ್ತಿರವೇ. 1 ವೋಲ್ಟಿಗೆ ಏರಿಸಿದೆ. 0.45 ಆಂಪಿಯರ್. ಭಾಗಿಸಿ ನೋಡಿದ, 2.2 ಓಮ್. ಒಳಗಿನ ಲೋಹದ ಎಳೆ, ಅಂದರೆ ಫಿಲಮೆಂಟ್, ಇನ್ನೂ ಕಪ್ಪಗೇ ಇತ್ತು. 3 ವೋಲ್ಟಿಗೆ ಕೆಂಡದ ಬಣ್ಣ ಬಂತು, 0.82 ಆಂಪಿಯರ್, 3.7 ಓಮ್. 6 ವೋಲ್ಟಿಗೆ 1.20 ಆಂಪಿಯರ್, 5 ಓಮ್. 12 ವೋಲ್ಟ್ ಮುಟ್ಟಿದಾಗ ಇಬ್ಬರೂ ಕಣ್ಣು ಪಕ್ಕಕ್ಕೆ ತಿರುಗಿಸಬೇಕಾಯಿತು. ಮೀಟರಿನಲ್ಲಿ 1.75. ಬರೆದುಕೊಂಡಿದ್ದ 6.86 ಓಮ್ ಅದೇ ಹಾಳೆಯ ಕೆಳಗಡೆ ಇನ್ನೊಂದು ಸಲ ಬಂತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಬಿಸಿಯಾದ್ದಕ್ಕಾ?" ಅಂದ.

ಬಿಸಿಯಾದ್ದಕ್ಕೇ. ಲೋಹ ಕಾದಷ್ಟೂ ಅದರೊಳಗಿನ ಪರಮಾಣುಗಳ ಕಂಪನ ಹೆಚ್ಚುತ್ತದೆ, ಎಲೆಕ್ಟ್ರಾನ್‌ಗಳ ದಾರಿ ಅಷ್ಟೂ ಕಷ್ಟವಾಗುತ್ತದೆ. ಫಿಲಮೆಂಟ್ ಟಂಗ್‌ಸ್ಟನ್ ಎಂಬ ಲೋಹದ್ದು. ಅದರ ರೋಧ ಕೋಣೆಯ ಬಿಸಿಯ ಆಸುಪಾಸಿನಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸಾವಿರಕ್ಕೆ ನಾಲ್ಕೂವರೆ ಪಾಲಿನಷ್ಟು ಏರುತ್ತದೆ. ನಮ್ಮ ಬಲ್ಬಿನ ರೋಧ ಹನ್ನೊಂದು ಪಟ್ಟು ಆಗಿದೆ ಅಂದರೆ ಆ ಎಳೆಯ ಬಿಸಿ ಸುಮಾರು 2000 ಡಿಗ್ರಿ ಇದೆ ಅಂತ ಅರ್ಥ. ಯಾವ ಥರ್ಮಾಮೀಟರೂ ಒಳಗೆ ಹೋಗಿಲ್ಲ, ಗಾಜು ಒಡೆದಿಲ್ಲ. ವೋಲ್ಟೇಜ್ ಒಂದು, ಕರೆಂಟ್ ಒಂದು, ಎರಡೇ ಅಂಕಿಯಿಂದ ಗಾಜಿನ ಬುರುಡೆಯೊಳಗಿನ ತಾಪ ಗೊತ್ತಾಯಿತು. ಇಷ್ಟು ವರ್ಷ ಈ ಮೇಜಿನ ಮುಂದೆ ಕೂತು ಲ್ಯಾಬ್ ಉಪಕರಣ ರಿಪೇರಿ ಮಾಡಿದ್ದೇನೆ, ಈ ಒಂದು ವಿಷಯ ನನಗೆ ಇವತ್ತಿಗೂ ಹಳತಾಗಿಲ್ಲ.

ಅವನ 20 ಆಂಪಿಯರ್ ಕೂಡ ಸುಳ್ಳಲ್ಲ. ತಣ್ಣಗಿರುವ ಬಲ್ಬಿಗೆ ಒಮ್ಮೆಲೇ 12 ವೋಲ್ಟ್ ಕೊಟ್ಟರೆ ಮೊದಲ ಕೆಲವು ಮಿಲಿಸೆಕೆಂಡು ಅದೇ ಅಳತೆಯ ಕರೆಂಟ್ ನುಗ್ಗುತ್ತದೆ. ಫಿಲಮೆಂಟ್ ಕಾದು, ರೋಧ ಏರಿ, ಕರೆಂಟ್ ತಾನಾಗಿ ಇಳಿಯುತ್ತದೆ. ಹಳೆಯ ಬಲ್ಬುಗಳು ಸಾಮಾನ್ಯವಾಗಿ ಸ್ವಿಚ್ ಹಾಕಿದ ಆ ಕ್ಷಣದಲ್ಲೇ ಹೋಗುವುದು ಇದರಿಂದ. ನಮ್ಮ ಮೀಟರ್ ಅಷ್ಟು ಬೇಗ ಅಂಕಿ ಬದಲಿಸಲಾರದು, ಹಾಗಾಗಿ ಆ ನುಗ್ಗು ನಮಗೆ ಕಾಣುವುದಿಲ್ಲ.

ಹಾಗಾದರೆ ಈ ಬಲ್ಬಿನ ರೋಧ ಎಷ್ಟು? ಎಷ್ಟು ಬಿಸಿಯಿರುವಾಗ ಅಂತ ಕೇಳಿಕೊಳ್ಳದೆ ಇದಕ್ಕೆ ಉತ್ತರವಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಬರುವುದು ಆ ಹೊತ್ತಿನ ರೋಧ. ಎರಡನ್ನೂ ಗುಣಿಸಿದರೆ ಬರುವುದು ಆ ಹೊತ್ತಿನ ವ್ಯಾಟ್. ಮೀಟರಿನ ಓಮ್ ರೇಂಜ್ ತನ್ನದೇ ಒಂದು ಚಿಕ್ಕ ಕರೆಂಟನ್ನು ಬಿಟ್ಟು ಅಳೆಯುತ್ತದೆ. ಅದು ಹೇಳುವುದು ಮಲಗಿರುವ ವಸ್ತುವಿನ ಸುದ್ದಿ. ವಸ್ತು ಕೆಲಸ ಮಾಡುವಾಗ ಹೇಗಿರುತ್ತದೆ ಅನ್ನುವುದನ್ನು ಕೆಲಸ ಮಾಡಿಸಿಯೇ ನೋಡಬೇಕು.

ಪ್ರೋಬ್‌ಗಳನ್ನು ಬಲ್ಬಿನ ಬುಡಕ್ಕೇ ಒತ್ತಿ ಅಂದಿದ್ದಕ್ಕೂ ಕಾರಣವಿತ್ತು. ಬಲ್ಬಿನಲ್ಲಿ 12.0 ಇದ್ದಾಗ ಪವರ್ ಸಪ್ಲೈಯ ಮುಖದಲ್ಲಿ 12.5 ಅಂತ ಬರುತ್ತಿತ್ತು. ನಡುವೆ ಇರುವ ವೈರು, ಕ್ಲಿಪ್ಪು, ಕರೆಂಟ್ ಮೀಟರ್ ಎಲ್ಲ ಸೇರಿ 0.3 ಓಮ್ ಇತ್ತು. 1.75 ಆಂಪಿಯರ್ ಹರಿದಾಗ ಅದರಲ್ಲೇ ಅರ್ಧ ವೋಲ್ಟ್ ಖರ್ಚು. ಸಪ್ಲೈಯ ಅಂಕಿ ನಂಬಿ ಲೆಕ್ಕ ಮಾಡಿದ್ದರೆ 7.1 ಓಮ್, 22 ವ್ಯಾಟ್ ಬರುತ್ತಿತ್ತು. ಬಲ್ಬಿಗೆ ಇಷ್ಟು ತಪ್ಪು ನಡೆದೀತು. ಆದರೆ 0.05 ಓಮಿನ ಒಂದು ಲೋಹದ ಪಟ್ಟಿಯನ್ನು ಹೀಗೆ ಅಳೆದರೆ ಪಟ್ಟಿಗಿಂತ ವೈರಿನ ಪಾಲೇ ಆರು ಪಟ್ಟು. ಆದ್ದರಿಂದಲೇ ಚಿಕ್ಕ ರೋಧಗಳನ್ನು ನಾಲ್ಕು ವೈರಿನಿಂದ ಅಳೆಯುತ್ತಾರೆ: ಎರಡು ಕರೆಂಟ್ ಸಾಗಿಸಲು, ಬೇರೆ ಎರಡು ವೋಲ್ಟೇಜ್ ನೋಡಲು. ವೋಲ್ಟೇಜ್ ನೋಡುವ ವೈರಿನಲ್ಲಿ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಸಾಧಾರಣ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್ ಇರುತ್ತದೆ. ಆದ್ದರಿಂದ ಆ ವೈರಿನ ರೋಧ ಲೆಕ್ಕದೊಳಗೆ ಬರುವುದೇ ಇಲ್ಲ. ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಯಾವುದರ ರೋಧ ಬೇಕೋ ಅದರ ಎರಡು ತುದಿಯ ವೋಲ್ಟೇಜ್, ಅದರೊಳಗೆ ಹರಿಯುವ ಕರೆಂಟ್, ಎರಡೂ ಒಂದೇ ಹೊತ್ತಿನದ್ದು.

ಎಲ್‌ಇಡಿಗೆ ಕರೆಂಟ್ ಹೆಚ್ಚು ಹರಿಯದಂತೆ ತಡೆಯುವ ರೆಸಿಸ್ಟರಿನ ಲೆಕ್ಕ ಹಾಕುವಾಗ ಜನ ಎಡವುವುದೂ ಇಲ್ಲೇ. 5 ವೋಲ್ಟ್ ಸಪ್ಲೈ, ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ, ನಮಗೆ 15 ಮಿಲಿಆಂಪಿಯರ್ ಬೇಕು. ಭಾಗಿಸಬೇಕಾದ್ದು ರೆಸಿಸ್ಟರಿನ ಪಾಲಿಗೆ ಉಳಿದ 3 ವೋಲ್ಟನ್ನು, 5ನ್ನಲ್ಲ. ವೋಲ್ಟನ್ನು ಮಿಲಿಆಂಪಿಯರಿನಿಂದ ಭಾಗಿಸಿದರೆ ಉತ್ತರ ನೇರ ಕಿಲೋಓಮಿನಲ್ಲಿ ಬರುತ್ತದೆ, ಗುಣಿಸಿದರೆ ಮಿಲಿವ್ಯಾಟಿನಲ್ಲಿ. 3ನ್ನು 15ರಿಂದ ಭಾಗಿಸಿ 0.2 ಕಿಲೋಓಮ್, ಅಂದರೆ 200. ಸಿಗುವ 220 ಓಮ್ ಹಾಕಿದರೆ ಸುಮಾರು 41 ಮಿಲಿವ್ಯಾಟ್ ಬಿಸಿ, ಕಾಲು ವ್ಯಾಟಿನ ರೆಸಿಸ್ಟರ್ ಧಾರಾಳ. ಸೊನ್ನೆಗಳನ್ನು ಹಿಂದೆ ಮುಂದೆ ತಳ್ಳುವ ಗೋಜಿಲ್ಲ.

ಸಾಗಿಸುವ ವೈರಿನ ರೋಧ, ಕರೆಂಟ್ ಎಳೆದಾಗ ಕುಸಿಯುವ ವೋಲ್ಟೇಜ್, ಇವೆರಡೂ ಓಮ್ ಎಂಬ ಅಳತೆಗೆ ಹೆಸರು ಕೊಟ್ಟ ಜರ್ಮನ್ ವಿಜ್ಞಾನಿ ಗೇಯೋರ್ಗ್ ಓಮ್ ಅವರನ್ನೂ ಕಾಡಿದ್ದವು. ಬೀಗ ಮಾಡುವವನ ಮಗ, ಕಲೋನ್‌ನಲ್ಲಿ ಮೇಷ್ಟರಾಗಿದ್ದವರು. ರಾಸಾಯನಿಕ ಬ್ಯಾಟರಿ ಇಟ್ಟುಕೊಂಡು ಮಾಡಿದ ಮೊದಲ ಪ್ರಯೋಗಗಳಲ್ಲಿ ಬ್ಯಾಟರಿಯ ಬಲ ನಿಮಿಷ ನಿಮಿಷಕ್ಕೂ ಇಳಿಯುತ್ತಿತ್ತು, 1825ರಲ್ಲಿ ಅವರು ಪ್ರಕಟಿಸಿದ ಸೂತ್ರವೇ ತಪ್ಪಾಯಿತು. ವಿಜ್ಞಾನ ಪತ್ರಿಕೆಯೊಂದರ ಸಂಪಾದಕ ಪೊಗೆನ್‌ಡಾರ್ಫ್ ಕೊಟ್ಟ ಸಲಹೆಯಂತೆ ಬ್ಯಾಟರಿ ಬಿಟ್ಟು ಬಿಸ್ಮತ್ ಮತ್ತು ತಾಮ್ರದ ಜೋಡಣೆಗೆ ಬಂದರು. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ನೀರು ಕುದಿಯುವಷ್ಟು ಹೊತ್ತು, ಮಂಜು ಕರಗುವಷ್ಟು ಹೊತ್ತು ಎರಡರ ತಾಪದ ಅಂತರ ಕದಲುವುದಿಲ್ಲ, ಆದ್ದರಿಂದ ವೋಲ್ಟೇಜೂ ಕದಲುವುದಿಲ್ಲ. ಕರೆಂಟ್ ಅಳೆಯಲು ತೂಗುಬಿಟ್ಟ ಕಾಂತದ ಸೂಜಿ. ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸುತ್ತಾ ಹೋದರು. 1826ರಲ್ಲಿ ಅವರು ಬರೆದ ಸೂತ್ರದಲ್ಲಿ ತಂತಿಯ ಉದ್ದದ ಜೊತೆಗೆ ಕೂಡಿಸುವ ಒಂದು ಸ್ಥಿರಾಂಕ ಇದೆ. ಅದು ಉಳಿದ ಸರ್ಕ್ಯೂಟಿನ ರೋಧ, ನಮ್ಮ ಮೇಜಿನ ಮೇಲಿನ 0.3 ಓಮಿನ ಹಾಗೆ. ಪುಸ್ತಕ ಬಂದದ್ದು 1827ರಲ್ಲಿ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ಅದೇ 1841ರಲ್ಲಿ ಜೇಮ್ಸ್ ಜೌಲ್ ನೀರಿನಲ್ಲಿ ಮುಳುಗಿಸಿದ ತಂತಿಯ ಸುರುಳಿಗೆ ಕರೆಂಟ್ ಹರಿಸಿ, ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೂ ರೋಧಕ್ಕೂ ತಕ್ಕ ಹಾಗೆ ಇರುತ್ತದೆ ಎಂದು ಪ್ರಕಟಿಸಿದರು. ಹುಡುಗನ ಒಂದೇ ಪುಟದ ಪಾಠದ ಹಿಂದೆ ಇಷ್ಟು ಜನರ ಇಷ್ಟು ವರ್ಷಗಳ ತಾಳ್ಮೆ ಇದೆ. ಅದನ್ನು ಅವನಿಗೆ ಹೇಳಲೇಬೇಕು ಅನ್ನಿಸಿ ಹೇಳಿದೆ, ಪರೀಕ್ಷೆಗೆ ಬರದಿದ್ದರೂ ಚಿಂತೆಯಿಲ್ಲ.

ಜೌಲ್ ಹೆಸರು ಬಂದದ್ದೇ ತಡ, ಅವನು ಇನ್ನೊಂದು ಪ್ರಶ್ನೆ ಇಟ್ಟ. ಇದಕ್ಕಾಗಿಯೇ ನಾನು ಈ ಬರಹ ಬರೆಯಲು ಕೂತದ್ದು.

"ದೊಡ್ಡಮ್ಮ, ರೆಸಿಸ್ಟೆನ್ಸ್ ಜಾಸ್ತಿ ಆದ್ರೆ ಬಿಸಿ ಜಾಸ್ತಿನಾ, ಕಮ್ಮಿನಾ? ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸು ಅಂತ ಒಂದು ಸೂತ್ರ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸು ಅಂತ ಇನ್ನೊಂದು. ಎರಡೂ ಸರಿ ಹೇಗಾಗುತ್ತೆ?"

ಇದನ್ನು ಕೇಳದೆಯೇ ಪಾಸಾದವರು ಎಷ್ಟೋ ಮಂದಿ. ನನಗೂ ಇದು ಅರ್ಥವಾದದ್ದು ಓದು ಮುಗಿದ ಮೇಲೆ, ಸುಟ್ಟ ಸಾಕೆಟ್‌ಗಳನ್ನು ಬಿಚ್ಚುತ್ತಾ. ಅದೃಷ್ಟಕ್ಕೆ ಅಂಥದ್ದೊಂದು ಮನೆಯಲ್ಲೇ ಕಾಯುತ್ತಿತ್ತು. ಹಿಂದಿನ ದಿನವಷ್ಟೇ ತಂಗಿ, "ಅಕ್ಕ, ಹೀಟರ್ ಹಾಕ್ದಾಗ ಎಕ್ಸ್‌ಟೆನ್ಶನ್ ಬೋರ್ಡ್ ಹತ್ರ ಪ್ಲಾಸ್ಟಿಕ್ ಸುಟ್ಟ ವಾಸನೆ. ಹೀಟರ್ ಮಾತ್ರ ಚೆನ್ನಾಗೇ ಕಾಯ್ತಿದೆ" ಅಂದಿದ್ದಳು.

ಬೋರ್ಡ್ ತಂದು ಮೇಜಿನ ಮೇಲಿಟ್ಟೆವು. ಒಂದು ತೂತಿನ ಸುತ್ತ ಕಂದು ಕಲೆ. ಹುಡುಗ ಓಮ್ ರೇಂಜಿಗೆ ಹಾಕಿ, ಪ್ಲಗ್ಗಿನ ಪಿನ್ನಿನಿಂದ ಆ ತೂತಿನ ಒಳಗಿನ ಲೋಹದವರೆಗೆ ಅಳೆದ. ಪ್ರೋಬಿನ 0.3 ಕಳೆದರೆ 0.1 ಓಮ್ ಚಿಲ್ಲರೆ. ಬೋರ್ಡ್ ಸರಿಯಾಗಿದೆ ಅಂದ. ಸರಿಯಾಗಿರಲಿಲ್ಲ. ದೋಷ ಇದ್ದದ್ದು ಹೀಟರಿನ ಪಿನ್ನಿಗೂ ಸಾಕೆಟ್ಟಿನ ಸಡಿಲ ಸ್ಪ್ರಿಂಗಿಗೂ ನಡುವೆ. ಪಿನ್ ತೂರಿಸದೆ ಆ ಜೋಡಣೆಯೇ ಇಲ್ಲ, ಇಲ್ಲದ್ದನ್ನು ಮೀಟರ್ ಹೇಗೆ ತೋರಿಸೀತು?

ಹಾಗಾಗಿ ಲೋಡ್ ಹಾಕಿಯೇ, ಅಂದರೆ ಹೀಟರ್ ಓಡಿಸಿಯೇ ಅಳೆದೆವು. (ಮೇನ್ಸ್ ಕರೆಂಟಿನಲ್ಲಿ ಈ ಕೆಲಸವನ್ನು ಅಭ್ಯಾಸ ಇಲ್ಲದವರು ದಯವಿಟ್ಟು ಮಾಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ನಾನು ಪವರ್ ತೆಗೆದು, ಇನ್ಸುಲೇಷನ್ ಇರುವ ಕ್ಲಿಪ್‌ಗಳನ್ನು ಮೊದಲೇ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕುತ್ತೇನೆ. ಹುಡುಗನ ಕೈ ಆಗ ಮೇಜಿನಿಂದ ದೂರ.) ಹೀಟರ್ 230 ವೋಲ್ಟಿಗೆ 2000 ವ್ಯಾಟಿನದ್ದು. 230ರ ವರ್ಗವನ್ನು 2000ದಿಂದ ಭಾಗಿಸಿದರೆ 26.45 ಓಮ್. ಇದರ ಸುರುಳಿ ನೈಕ್ರೋಮ್ ಎಂಬ ಮಿಶ್ರಲೋಹದ್ದು, ಕೆಂಪಗೆ ಕಾದರೂ ರೋಧ ಶೇಕಡಾ ಹತ್ತರೊಳಗೇ ಏರುತ್ತದೆ, ಬಲ್ಬಿನ ಹಾಗೆ ಹನ್ನೊಂದು ಪಟ್ಟು ಜಿಗಿಯುವುದಿಲ್ಲ.

ಹೀಟರ್ ಓಡುತ್ತಿರುವಾಗ ಗೋಡೆಯಲ್ಲಿ 228 ವೋಲ್ಟ್. ಅದೇ ಬೋರ್ಡಿನ ಪಕ್ಕದ ತೂತಿನಲ್ಲಿ 225.8. ಹೀಟರಿನ ಟರ್ಮಿನಲ್‌ನಲ್ಲಿ 219. ಒಂಟಿ ವೈರಿಗೆ ಸಿಕ್ಕಿಸಿದ ಕ್ಲ್ಯಾಂಪ್ ಮೀಟರಿನಲ್ಲಿ 8.3 ಆಂಪಿಯರ್.

ಪಕ್ಕದ ತೂತಿನಲ್ಲಿ ನೋಡಿದ್ದು ಏಕೆಂದರೆ, ಬೋರ್ಡಿನ ವೈರಿನ ನಷ್ಟ ಅಲ್ಲಿಗೆ ಮುಗಿದಿರುತ್ತದೆ, ಸಡಿಲ ಜೋಡಣೆಯ ನಷ್ಟ ಇನ್ನೂ ಶುರುವಾಗಿರುವುದಿಲ್ಲ. 228ರಿಂದ 225.8, ಅಂದರೆ 2.2 ವೋಲ್ಟ್ ಹೋದದ್ದು ವೈರಿನಲ್ಲಿ. 0.75 ಚದರ ಮಿಲಿಮೀಟರಿನ ತಾಮ್ರ, ಕಿಲೋಮೀಟರಿಗೆ 26 ಓಮ್, ಐದು ಮೀಟರ್ ಹೋಗಿ ಐದು ಮೀಟರ್ ಬಂದರೆ 0.26 ಓಮ್. ಲೆಕ್ಕ ಕೂಡಿಬಂತು. 8.3 ಆಂಪಿಯರಿಗೆ ಇಷ್ಟು ಸಣ್ಣ ವೈರು ತಕ್ಕದ್ದೂ ಅಲ್ಲ. ಮುಂದಿನ 6.8 ವೋಲ್ಟಿನಲ್ಲಿ ಹೀಟರಿನ ಸ್ವಂತ ವೈರಿನ ಪಾಲು 0.3. ಉಳಿದ 6.5 ವೋಲ್ಟ್ ಪೂರ್ತಿ ಆ ಕಂದು ಕಲೆಯ ತೂತಿನೊಳಗೆ. 6.5ನ್ನು 8.3ರಿಂದ ಭಾಗಿಸಿದರೆ 0.78 ಓಮ್. ಗುಣಿಸಿದರೆ 54 ವ್ಯಾಟ್.

ನನ್ನ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು. ಅದನ್ನು ಎತ್ತಿ ತೋರಿಸಿ, "ಇಂಥವು ಎರಡು ಆ ತೂತಿನೊಳಗೆ ತುದಿ ಇಟ್ಟುಕೊಂಡು ಕೂತಿವೆ" ಅಂದೆ. ಹುಡುಗನ ಮುಖ ಬದಲಾಯಿತು.

ಈಗ ಅವನ ಪ್ರಶ್ನೆಗೆ ಬರೋಣ. ಹೀಟರಿನ ಎರಡು ತುದಿಗೆ ಸಿಗುವ ವೋಲ್ಟೇಜ್ ಹೆಚ್ಚು ಕಡಿಮೆ ನಿಗದಿ, ಅದನ್ನು ಕೊಡುವುದು ಗೋಡೆಯ ಸಾಕೆಟ್. ಸುರುಳಿಯ ರೋಧ ಅರ್ಧ ಮಾಡಿದರೆ ಕರೆಂಟ್ ಎರಡರಷ್ಟು, ವ್ಯಾಟ್ ಎರಡರಷ್ಟು. ಅಲ್ಲಿ ಭಾಗಿಸುವ ಸೂತ್ರ ನಮಗೆ ದಾರಿ ತೋರಿಸುತ್ತದೆ: ರೋಧ ಕಡಿಮೆಯಾದಷ್ಟೂ ಬಿಸಿ ಹೆಚ್ಚು. ಸಡಿಲ ಜೋಡಣೆಯ ಕಥೆ ಬೇರೆ. ಅದು ಹೀಟರಿನ ಜೊತೆ ಸರಣಿಯಲ್ಲಿದೆ, ಅದರೊಳಗೆ ಎಷ್ಟು ಕರೆಂಟ್ ಹರಿಯಬೇಕು ಎಂದು ನಿರ್ಧರಿಸುವುದು ಹೀಟರಿನ 26.4 ಓಮ್. ಜೋಡಣೆ 0.01 ಓಮ್ ಇರಲಿ, 0.78 ಇರಲಿ, ಕರೆಂಟ್ ಎಂಟೂವರೆಯ ಆಸುಪಾಸಿನಲ್ಲೇ. ಕರೆಂಟ್ ನಿಗದಿಯಾದಲ್ಲಿ ಗುಣಿಸುವ ಸೂತ್ರ ನೋಡು: ರೋಧ ಹೆಚ್ಚಾದಷ್ಟೂ ಬಿಸಿ ಹೆಚ್ಚು. 0.01 ಓಮಿಗೆ ಒಂದು ವ್ಯಾಟೂ ಇಲ್ಲ. 0.78 ಓಮಿಗೆ 54. ಎರಡು ಸೂತ್ರವನ್ನೂ ಎರಡು ಕಡೆಯೂ ಹಾಕಬಹುದು, ಉತ್ತರ ಒಂದೇ ಬರುತ್ತದೆ. ಆದರೆ ರೋಧ ಬದಲಾದಾಗ ಯಾವುದು ಕದಲದೆ ನಿಲ್ಲುತ್ತದೆ ಎಂದು ಮೊದಲು ಕೇಳಿಕೊಂಡರೆ ಬಿಸಿ ಏರುತ್ತದೋ ಇಳಿಯುತ್ತದೋ ತಿಳಿಯುತ್ತದೆ.

ಹೀಟರ್ 219ನ್ನು 8.3ರಿಂದ ಗುಣಿಸಿದಷ್ಟು, ಅಂದರೆ ಸುಮಾರು 1818 ವ್ಯಾಟ್ ತಿನ್ನುತ್ತಿತ್ತು. ಅದಕ್ಕೆ ಉದ್ದ ಸುರುಳಿ ಇದೆ, ಸುತ್ತ ಗಾಳಿ ಇದೆ, ಬಿಸಿ ಕೊಡಲೆಂದೇ ಅದನ್ನು ಕಟ್ಟಿದ್ದಾರೆ. ಸಾಕೆಟ್ಟಿಗೆ ಇರುವುದು ಉಗುರಿನಷ್ಟು ಲೋಹ, ಸುತ್ತಲೂ ಪ್ಲಾಸ್ಟಿಕ್. ಬಿಸಿಗೆ ಸ್ಪ್ರಿಂಗ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಲೋಹದ ಮೇಲೆ ಆಕ್ಸೈಡ್ ಕೂರುತ್ತದೆ, ರೋಧ ಇನ್ನಷ್ಟು ಏರುತ್ತದೆ, ಬಿಸಿ ಇನ್ನಷ್ಟು. ಫ್ಯೂಸ್ ಹಾರುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ, ಒಂಚೂರು ಕಡಿಮೆಯೇ ಆಗಿದೆ. ತಂಗಿಗೆ ಹೀಟರ್ ಚೆನ್ನಾಗೇ ಕಂಡದ್ದೂ ಇದಕ್ಕೇ. ಎಚ್ಚರಿಕೆ ಕೊಟ್ಟದ್ದು ಅವಳ ಮೂಗು ಒಂದೇ. ಪ್ಲಗ್ ತೆಗೆದ ತಕ್ಷಣ ಪಿನ್ ಬಿಸಿಯಾಗಿದ್ದರೆ, ವಾಸನೆ ಬಂದರೆ, ಬಣ್ಣ ಮಾಸಿದ್ದರೆ, ಆ ಸಾಕೆಟನ್ನು ಅವತ್ತಿನಿಂದಲೇ ಬಳಸಬೇಡಿ ಎಂದು ನಾನು ಎಲ್ಲರಿಗೂ ಕೈಮುಗಿದು ಕೇಳುತ್ತೇನೆ.

ಇಷ್ಟು ಸಲೀಸಾದ ಲೆಕ್ಕ ಮೇನ್ಸ್‌ನಲ್ಲಿ ಎಲ್ಲದಕ್ಕೂ ನಡೆಯುವುದಿಲ್ಲ. ಹೀಟರು, ಇಸ್ತ್ರಿಪೆಟ್ಟಿಗೆ, ಫಿಲಮೆಂಟ್ ಬಲ್ಬಿಗೆ ಸರಿ. ಮೋಟರು, ಎಲ್‌ಇಡಿ ಬಲ್ಬಿಗೆ ವೋಲ್ಟೇಜನ್ನೂ ಕರೆಂಟನ್ನೂ ಗುಣಿಸಿದರೆ ಬರುವುದು ವೋಲ್ಟ್-ಆಂಪಿಯರ್, ವ್ಯಾಟ್ ಅಲ್ಲ. ನನ್ನ ಮೇಜಿನ ದೀಪ 9 ವ್ಯಾಟಿನದ್ದು, ಎಳೆಯುವುದು 0.075 ಆಂಪಿಯರ್, 230ರಿಂದ ಗುಣಿಸಿದರೆ 17 ದಾಟುತ್ತದೆ. ವ್ಯಾಟ್‌ಮೀಟರ್ 9 ಅಂತಲೇ ಹೇಳುತ್ತದೆ. ನಡುವೆ ಇರುವುದು ಪವರ್ ಫ್ಯಾಕ್ಟರ್, ಅದಕ್ಕೆ ಇನ್ನೊಂದು ದಿನ ಕೂರಬೇಕು.

ಮರುದಿನ ಹೊಸ ಬೋರ್ಡ್ ಬಂತು. ಮೂರು ಮೀಟರ್, 1.5 ಚದರ ಮಿಲಿಮೀಟರಿನ ವೈರು. ಹೀಟರಿನ ಪ್ಲಗ್ಗನ್ನೂ ಬದಲಿಸಿದೆ, ಸುಟ್ಟ ಪಿನ್ ಹಾಗೇ ಬಿಟ್ಟರೆ ಹೊಸ ಸಾಕೆಟನ್ನೂ ಅದು ಕೆಡಿಸುತ್ತದೆ. ಕ್ಲಿಪ್‌ಗಳನ್ನು ಸಿಕ್ಕಿಸಿ ಸ್ವಿಚ್ ಹಾಕಿದೆ. ಗೋಡೆಯಲ್ಲಿ 228, ಹೀಟರಿನಲ್ಲಿ 227, ಕರೆಂಟ್ 8.6. ಹುಡುಗ ದೂರದಲ್ಲೇ ನಿಂತು ಅಂಕಿಗಳನ್ನು ಓದಿ ಹಾಳೆಯಲ್ಲಿ ಬರೆದುಕೊಂಡ. ಮೊದಲು ಕಳೆದ, ಗುಣಿಸಿದ: ಎಲ್ಲ ವೈರೂ ಜೋಡಣೆಯೂ ಸೇರಿ ಸುಮಾರು 8.6 ವ್ಯಾಟ್. ಆಮೇಲೆ 227ನ್ನು 8.6ರಿಂದ ಭಾಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದ. 26.4 ಓಮ್.